ನಾಲ್ಕು ಸೆಕೆಂಡುಗಳ ನೇರ ಗೆರೆ
ದೇವರ ಮನೆಯಲ್ಲಿ ಹೂ ಏರಿಸುತ್ತಿದ್ದ ಅಮ್ಮ ಗೋಡೆ ಹಿಡಿದು ಕುಸಿದು ಕುಳಿತದ್ದು ಆ ತಿಂಗಳಲ್ಲಿ ಅದು ಮೂರನೆಯ ಸಲ. ಆಸ್ಪತ್ರೆ ತಲುಪುವ ಹೊತ್ತಿಗೆ ಅವರು ಎಂದಿನಂತಾಗಿರುತ್ತಿದ್ದರು, ಇಸಿಜಿಯಲ್ಲೂ ಏನೂ ಕಾಣುತ್ತಿರಲಿಲ್ಲ. ಕೊನೆಗೆ ವೈದ್ಯರು ಹೃದಯದ ಮಿಡಿತವನ್ನು ಎಡೆಬಿಡದೆ ದಾಖಲಿಸುವ ಹೋಲ್ಟರ್ ಎಂಬ ಪುಟ್ಟ ಯಂತ್ರವನ್ನು ಎದೆಗೆ ಅಂಟಿಸಿ, 24 ಗಂಟೆ ನಿತ್ಯದ ಕೆಲಸಗಳನ್ನೇ ಮಾಡಿಕೊಂಡಿರಲು ಹೇಳಿ ಕಳುಹಿಸಿದರು. ತಲೆ ಸುತ್ತಿದ ಹೊತ್ತನ್ನು ಬರೆದಿಡುವುದು ನನ್ನ ಕೆಲಸವಾಗಿತ್ತು. ಮರುದಿನ ಬೆಳಿಗ್ಗೆ 6 ಗಂಟೆ 10 ನಿಮಿಷ ಎಂದು ಬರೆದೆ.

ಆ ನಿಮಿಷದ ದಾಖಲೆಯನ್ನು ವೈದ್ಯರು ನನ್ನ ಮುಂದೆ ಹರಡಿದಾಗ, ಸಾಲಾಗಿ ಬರುತ್ತಿದ್ದ ಅಲೆಗಳು ಒಮ್ಮೆಲೇ ನಿಂತು, ನಾಲ್ಕು ಸೆಕೆಂಡಿಗೂ ಹೆಚ್ಚು ಕಾಲ ಬರಿಯ ನೇರ ಗೆರೆಯಿತ್ತು. ನನ್ನ ಬಾಯಿ ಒಣಗಿತು.

ಹೃದಯವು ಮಿದುಳಿನ ಅಪ್ಪಣೆಗೆ ಕಾದು ಮಿಡಿಯುತ್ತದೆ ಎಂದೇ ನಾನು ಅದುವರೆಗೆ ನಂಬಿದ್ದೆ. ಹಾಗಲ್ಲವಂತೆ. ದೇಹದ ಮೇಲ್ಭಾಗದ ರಕ್ತವನ್ನು ತರುವ ಮೇಲಿನ ಮಹಾಸಿರೆಯು ಬಲ ಹೃತ್ಕರ್ಣವನ್ನು, ಅಂದರೆ ಹೃದಯದ ಬಲ ಮೇಲ್ಕೋಣೆಯನ್ನು, ಸೇರುವಲ್ಲಿ ಸೈನಸ್ ನೋಡ್ ಎಂಬ ಸಣ್ಣ ಜೀವಕೋಶಗಳ ಗುಂಪಿದೆ. 1907ರಲ್ಲಿ ಇಂಗ್ಲೆಂಡಿನಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಅದನ್ನು ವಿವರಿಸಿದರು. ಆ ಕೋಶಗಳು ಒಂದು ಮಿಡಿತ ಮುಗಿದರೂ ಸುಮ್ಮನಿರುವುದಿಲ್ಲ. ಸೋಡಿಯಂ ಕಣಗಳು ಮೆಲ್ಲಗೆ ಒಳಸೋರುತ್ತ ವಿದ್ಯುತ್ ಒತ್ತಡವನ್ನು ಏರಿಸುತ್ತವೆ. ಅದು ಒಂದು ಮಟ್ಟ ಮುಟ್ಟಿದೊಡನೆ ಕ್ಯಾಲ್ಸಿಯಂ ಬಾಗಿಲುಗಳು ತೆರೆದು ಸಂಕೇತ ಹೊರಡುತ್ತದೆ. ಇದನ್ನು ಕೇಳುವಾಗ ನನಗೆ ಮುಹೂರ್ತ ನೋಡಲು ಹಿಂದೆ ಬಳಸುತ್ತಿದ್ದ ಗಳಿಗೆ ಬಟ್ಟಲು ಕಣ್ಣ ಮುಂದೆ ಬಂತು. ತಳದ ಸಣ್ಣ ತೂತಿನಿಂದ ನೀರು ಒಸರಿ, ತುಂಬಿದಾಗ ಬಟ್ಟಲು ಮುಳುಗುತ್ತದೆ. ಎತ್ತಿ ಬರಿದು ಮಾಡಿದರೆ ಮತ್ತೆ ಮೊದಲಿನಿಂದ. ಇಲ್ಲಿ ಎತ್ತುವ ಕೈಯೂ ಆ ಕೋಶಗಳದೇ. ತನ್ನ ಪಾಡಿಗೆ ಬಿಟ್ಟರೆ ಸೈನಸ್ ನೋಡ್ ನಿಮಿಷಕ್ಕೆ ಸುಮಾರು 100 ಬಾರಿ ಮಿಡಿಯುತ್ತದೆ. ನಾವು ವಿಶ್ರಾಂತಿಯಲ್ಲಿರುವಾಗ ಅದನ್ನು 70ರ ಆಸುಪಾಸಿಗೆ ಇಳಿಸುವುದು ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ.

ಅಮ್ಮನ ಸೈನಸ್ ನೋಡ್ ವಯಸ್ಸಿನೊಂದಿಗೆ ಸೊರಗಿ, ಆಗಾಗ ಸಂಕೇತ ಕಳುಹಿಸದೆ ಉಳಿಯುತ್ತಿತ್ತು. ನೇರ ಗೆರೆ ಮುಗಿದಲ್ಲಿದ್ದ ಮೊದಲ ಮಿಡಿತವನ್ನು ವೈದ್ಯರು ಪೆನ್ನಿನಿಂದ ಸುತ್ತಿದರು. ಅದರ ಹಿಂದೆ ಹೃತ್ಕರ್ಣದ ಸಣ್ಣ ಅಲೆ ಇರಲಿಲ್ಲ. ಅಂದರೆ ಮೇಲಿನಿಂದ ಕರೆ ಬಾರದಿದ್ದಾಗ, ಹೃತ್ಕರ್ಣ ಮತ್ತು ಹೃತ್ಕುಕ್ಷಿ ಎಂಬ ಕೆಳಕೋಣೆಗಳ ನಡುವಿನ, ಸಾಮಾನ್ಯವಾಗಿ ನಿಮಿಷಕ್ಕೆ 40–60 ಬಾರಿ ಮಿಡಿಯಬಲ್ಲ ಕೋಶಗಳು ತಡವಾಗಿಯಾದರೂ ಹೊಣೆ ಹೊತ್ತಿದ್ದವು. ಆ ಒಂದು ಮಿಡಿತವನ್ನು ನಾನು ಬಹಳ ಹೊತ್ತು ನೋಡಿದೆ.

ಮುಂದಿನ ವಾರ ಅಮ್ಮನಿಗೆ ಪೇಸ್‌ಮೇಕರ್ ಎಂಬ, ಹೃದಯಕ್ಕೆ ವಿದ್ಯುತ್ ಸಂಕೇತ ಕೊಡುವ ಪುಟ್ಟ ಸಾಧನವನ್ನು ಅಳವಡಿಸಿದರು. ಸೈನಸ್ ನೋಡ್ ತಡಮಾಡಿದಾಗ ಮಾತ್ರ ಅದು ಮಿಡಿಸುತ್ತದೆ, ಉಳಿದಂತೆ ಸುಮ್ಮನೆ ಕಾಯುತ್ತಿರುತ್ತದೆ. ಅಂದು ರಾತ್ರಿ ಅಮ್ಮನ ಮಣಿಕಟ್ಟು ಹಿಡಿದು ಕುಳಿತಿದ್ದೆ. ಯಾವ ಮಿಡಿತ ಯಾರದೆಂದು ಬೆರಳಿಗೆ ತಿಳಿಯಲಿಲ್ಲ.