ದನದ ಕೊಟ್ಟಿಗೆಯನ್ನು ಅಲ್ಪಾಕಾಗಳಿಗೆ ಒಗ್ಗಿಸಿದ ಬಗೆ

ನಮ್ಮ ಜಮೀನಿನ ಹಳೆಯ ದನದ ಕೊಟ್ಟಿಗೆ ಆರು ವರ್ಷಗಳಿಂದ ಖಾಲಿ ಬಿದ್ದಿತ್ತು. ಆರು ಹೆಣ್ಣು ಅಲ್ಪಾಕಾಗಳನ್ನು ಸಾಕುವುದೆಂದು ಮನೆಯವರೆಲ್ಲ ಕೂತು ತೀರ್ಮಾನಿಸಿದ ದಿನ, ಕೊಟ್ಟಿಗೆಯಂತೂ ಸಿದ್ಧವಾಗಿಯೇ ಇದೆ, ಒಂದು ವಾರ ಗುಡಿಸಿ ಸುಣ್ಣ ಬಳಿದರೆ ಮುಗಿಯಿತು ಎಂದು ಅಪ್ಪ ಹೇಳಿದರು. ನಾನೂ ಹಾಗೆಯೇ ಎಣಿಸಿದ್ದೆ. ಆ ಒಂದು ವಾರದ ಕೆಲಸ ನಾಲ್ಕು ತಿಂಗಳು ಹಿಡಿಯಿತು, ಅದರಲ್ಲಿ ಮೊದಲ ಎರಡು ತಿಂಗಳು ನಾವು ಏನನ್ನೂ ಕಟ್ಟಲಿಲ್ಲ, ಬರೀ ಕಿತ್ತೆವು. ಹಸುವಿಗೆಂದು ಕಟ್ಟಿದ ಕೊಟ್ಟಿಗೆಯಲ್ಲಿ ನೆಲದ ಇಳಿಜಾರಿನಿಂದ ಹಿಡಿದು ಗೋದಲಿಯ ಎತ್ತರದವರೆಗೆ ಎಲ್ಲವೂ ಹಸುವಿನ ಮೈಗೆ, ಹಸುವಿನ ಗೊರಸಿಗೆ, ಹಸುವಿನ ಸ್ವಭಾವಕ್ಕೆ ಅಳೆದು ಕೂರಿಸಿದ್ದೆಂಬುದು ಬೇರೊಂದು ಪ್ರಾಣಿಯನ್ನು ಅಲ್ಲಿ ಕಲ್ಪಿಸಿಕೊಂಡು ನೋಡಿದಾಗಲೇ ನನ್ನ ಕಣ್ಣಿಗೆ ಬಿದ್ದದ್ದು.

ಅಲ್ಪಾಕಾ ಒಂಟೆಯ ಕುಲಕ್ಕೆ ಸೇರಿದ ಪ್ರಾಣಿ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ, ಸಮುದ್ರಮಟ್ಟದಿಂದ 3,500 ಮೀಟರ್‌ಗೂ ಮೇಲಿರುವ ಹುಲ್ಲುಗಾವಲುಗಳಲ್ಲಿ, ಅಲ್ಲಿನ ಜನರು ಕಾಡುಪ್ರಾಣಿಯಾದ ವಿಕುನ್ಯಾವನ್ನು ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿ ಪಡೆದ ತಳಿಯಿದು. ಅಲ್ಲಿನ ಹವೆ ಒಣ, ರಾತ್ರಿ ಕೊರೆಯುವ ಚಳಿ, ಹಗಲು ಚುರುಕಾದ ಬಿಸಿಲು. ಆದ್ದರಿಂದ ಒಣ ಚಳಿಯನ್ನು ಇದು ಸಲೀಸಾಗಿ ತಾಳಿಕೊಳ್ಳುತ್ತದೆ. ತೇವ, ಸೆಕೆ, ಮಳೆಯೊಂದಿಗೆ ಬೀಸುವ ಗಾಳಿ ಇದಕ್ಕೆ ಆಗಿಬರುವುದಿಲ್ಲ. ನಮ್ಮ ಕೊಟ್ಟಿಗೆಯೋ ಚಳಿಯೊಂದನ್ನೇ ಶತ್ರುವೆಂದು ಬಗೆದು ಕಟ್ಟಿದ್ದು: ನಾಲ್ಕೂ ಕಡೆ ಗೋಡೆ, ಕೈಯಗಲದ ಕಿಂಡಿಗಳು, ತಲೆಗೆ ತಾಗುವಷ್ಟು ತಗ್ಗಿದ ಸೂರು.

ಗೋಡೆಯ ವಿಷಯದಲ್ಲಿ ನನ್ನ ಮನಸ್ಸನ್ನು ಬದಲಿಸಿದ್ದು ಮೂಗು. ಒಂದು ಮಳೆಯ ಮರುದಿನ ತೇವಗೊಂಡಿದ್ದ ಆ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಅಳತೆಪಟ್ಟಿ ಹಿಡಿದಿದ್ದೆ. ನಿಂತಾಗ ಗೊತ್ತೇ ಆಗದಿದ್ದ ಹಳೆಯ ಗಂಜಲದ ಘಾಟು ಕೂತೊಡನೆ ಕಣ್ಣಲ್ಲಿ ನೀರು ತರಿಸಿತು. ಅಲ್ಪಾಕಾಗಳು ನಾಲ್ಕೂ ಕಾಲುಗಳನ್ನು ಮೈಕೆಳಗೆ ಮಡಚಿಕೊಂಡು ಗಂಟೆಗಟ್ಟಲೆ ನೆಲದ ಮೇಲೆ ಕೂತು ಮೆಲುಕು ಹಾಕುವ ಪ್ರಾಣಿಗಳಾದ್ದರಿಂದ ಅವುಗಳ ಮೂಗು ಬಹುಪಾಲು ಆ ಮಟ್ಟದಲ್ಲೇ ಇರುತ್ತದೆ. ಗಂಜಲದಿಂದ ಏಳುವ ಅಮೋನಿಯಾ ಶ್ವಾಸಕೋಶವನ್ನು ಕೆಡಿಸುತ್ತದೆ, ಮರಿಗಳಲ್ಲಂತೂ ಬಲುಬೇಗ. ಅಂದಿನಿಂದ ಕೊಟ್ಟಿಗೆಯ ಗಾಳಿಯನ್ನು ಕೂತೇ ಪರೀಕ್ಷಿಸಬೇಕೆಂಬುದು ನಮ್ಮಲ್ಲೊಂದು ನಿಯಮವಾಯಿತು. ಗಾಳಿ ಬೀಸಿ ಬರುವ ದಿಕ್ಕಿನ ಗೋಡೆಯನ್ನು ಹಾಗೆಯೇ ಉಳಿಸಿ, ಎದುರಿನ ಉದ್ದನೆಯ ಗೋಡೆಯನ್ನು ಪೂರ್ತಿ ತೆಗೆದೆವು. ಪಕ್ಕದ ಗೋಡೆಗಳೆರಡರಲ್ಲಿ ಸೂರಿನ ಕೆಳಗೆ ಒಂದಡಿ ಜಾಗ ತೆರೆದು ಜಾಲರಿ ಹೊಡೆದೆವು. ಮಾಡಿನ ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗಲು ಸೀಳು ಬಿಟ್ಟು ಅದರ ಮೇಲೆ ಮಳೆ ಬೀಳದಂತೆ ತಗಡಿನ ಟೋಪಿಯೊಂದನ್ನು ಕೂರಿಸಿದೆವು. ಕೂತ ಪ್ರಾಣಿಯ ಮೈಗೆ ನೇರವಾಗಿ ಗಾಳಿ ಹೊಡೆಯಬಾರದು, ಆದರೆ ಅದರ ತಲೆಯ ಮೇಲೆ ಗಾಳಿ ನಿಲ್ಲಲೂ ಬಾರದು ಎಂಬುದು ಇದರ ಲೆಕ್ಕ.

ಸೆಕೆಯ ವಿಷಯಕ್ಕೆ ಬಂದರೆ, ಈ ಪ್ರಾಣಿ ಮೈಬಿಸಿಯನ್ನು ಹೊರಹಾಕುವುದು ಹೆಚ್ಚಾಗಿ ತುಪ್ಪಟ ವಿರಳವಾಗಿರುವ ಹೊಟ್ಟೆಯಡಿಯಿಂದ ಮತ್ತು ತೊಡೆಸಂದುಗಳಿಂದ. ಬೇಸಿಗೆಯಲ್ಲಿ ಬೆನ್ನ ಮೇಲೆ ನೀರು ಸುರಿದರೆ ಒದ್ದೆ ತುಪ್ಪಟ ಬಿಸಿಯನ್ನು ಒಳಗೇ ಹಿಡಿದಿಟ್ಟು ಇನ್ನಷ್ಟು ಕಷ್ಟ ಕೊಡುತ್ತದೆ. ತಂಪು ಸಿಗಬೇಕಾದ್ದು ಕೆಳಗಿನಿಂದ. ಅದಕ್ಕೆಂದು ತೆರೆದ ಬದಿಯ ನೆರಳಿನಲ್ಲಿ ಮರಳಿನ ಹಾಸೊಂದನ್ನು ಮಾಡಿದ್ದೇವೆ. ಬಿಸಿಲೇರಿದ ದಿನ ಅದನ್ನು ತೋಯಿಸಿಬಿಟ್ಟರೆ ಅವು ತಾವಾಗಿಯೇ ಬಂದು ಹೊಟ್ಟೆಯೂರಿ ಕೂರುತ್ತವೆ. ತಗಡಿನ ಚಾವಣಿಯ ಒಳಮೈಗೆ ಶಾಖ ತಡೆಯುವ ಹಾಳೆ ಹೊಡೆದು, ಹೊರಮೈಗೆ ಬಿಳಿ ಬಣ್ಣ ಬಳಿದಿದ್ದಾಯಿತು.

ನೆಲದ ಕಥೆ ದೊಡ್ಡದು. ಹಳೆಯ ನೆಲ ಸಿಮೆಂಟಿನದು, ಗಂಜಲ ಹರಿದುಹೋಗಲೆಂದು ಚರಂಡಿಯತ್ತ ಇಳಿಜಾರಾಗಿತ್ತು, ವರ್ಷಗಟ್ಟಲೆ ದನಗಳು ತುಳಿದು ಕನ್ನಡಿಯಂತೆ ನುಣುಪಾಗಿತ್ತು. ಅಲ್ಪಾಕಾಕ್ಕೆ ಗೊರಸಿಲ್ಲ, ಎರಡು ಬೆರಳು, ಅವಕ್ಕೆ ಉಗುರು, ಅಡಿಯಲ್ಲಿ ಮೆತ್ತನೆಯ ಚರ್ಮದ ದಿಂಡು. ನುಣುಪು ನೆಲದ ಮೇಲೆ ಅದು ಜಾರುತ್ತದೆ, ಒಮ್ಮೆ ಜಾರಿದ ಕಡೆಗೆ ಮತ್ತೆ ಕಾಲಿಡಲು ಹೆದರುತ್ತದೆ. ಗಟ್ಟಿ ನೆಲದಲ್ಲಿ ದಿನವೂ ಕೂತರೆ ಮಂಡಿ ಮತ್ತು ಎದೆಗಟ್ಟು ಉಜ್ಜಿ ಹುಣ್ಣಾಗುವ ಸಂಭವವೂ ಇದೆ. ಸಿಮೆಂಟನ್ನು ಒಡೆದು ತೆಗೆಯೋಣವೆಂದು ನಾನು ಹೇಳಿದಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಕೆಸರಿನಲ್ಲಿ ನಿಂತು ಹಾಲು ಕರೆಯುತ್ತಿದ್ದ ಕಾಲದಲ್ಲಿ, ಹಣ ಕೂಡಿಹಾಕಿ ಅವರು ಹಾಕಿಸಿದ ನೆಲವದು. ನನ್ನ ವಾದಕ್ಕಿಂತ, ಸೋಪಿನ ನೀರು ಚೆಲ್ಲಿದ್ದ ಜಾಗದಲ್ಲಿ ತಮ್ಮ ಜಾರಿ ಬಿದ್ದದ್ದೇ ಆ ಚರ್ಚೆಯನ್ನು ಮುಗಿಸಿತೆನ್ನಬೇಕು. ಒಡೆಯಲು ಒಂಬತ್ತು ದಿನ ಬೇಕಾಯಿತು. ಒಡೆದ ಚೂರುಗಳನ್ನೇ ತಳಕ್ಕೆ ಹಾಕಿ, ಮೇಲೆ ಜಲ್ಲಿ, ಅದರ ಮೇಲೆ ಕಲ್ಲುಪುಡಿ, ಕೊನೆಗೆ ಮಣ್ಣು ಹರಡಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸ್ಸು ಮಾಡಿ, ಸುತ್ತಲಿನ ನೆಲಕ್ಕಿಂತ ಇಪ್ಪತ್ತು ಸೆಂಟಿಮೀಟರ್ ಎತ್ತರಿಸಿದೆವು. ಚರಂಡಿಯನ್ನು ಸೂರಿನ ಹನಿ ಬೀಳುವ ಗೆರೆಯಾಚೆಗೆ ಒಯ್ದೆವು. ಕೊಟ್ಟಿಗೆಯ ಹತ್ತಿರ ನೀರು ನಿಂತರೆ ಬಸವನಹುಳುಗಳು ಸೇರುತ್ತವೆ, ಅವುಗಳಲ್ಲಿ ಕೆಲವು ಯಕೃತ್ತಿಗೆ ತಗಲುವ ಚಪ್ಪಟೆ ಹುಳುವಿನ ಮರಿಗಳನ್ನು ಹೊತ್ತು ತರುತ್ತವೆ.

ಹಾಸಿಗೆಗೆ ಮರದ ಹೊಟ್ಟು ಅಗ್ಗವಾಗಿ ಸಿಗುತ್ತದೆಂದು ತಮ್ಮ ಒಂದು ಗಾಡಿ ತಂದು ಸುರಿದಿದ್ದ. ನಮ್ಮವು ಹುವಾಕಾಯಾ ಬಗೆಯವು. ಅವುಗಳ ಸುಕ್ಕುಸುಕ್ಕಾದ, ಸ್ಪಂಜಿನಂಥ ತುಪ್ಪಟದೊಳಗೆ ಹೊಟ್ಟು ಸೇರಿತೆಂದರೆ ಕತ್ತರಿಸುವ ದಿನದವರೆಗೂ ಹೊರಬರುವುದಿಲ್ಲ, ಅಂಥ ಉಣ್ಣೆಗೆ ಬೆಲೆಯೂ ಇಲ್ಲ. ಹೊಟ್ಟು ತರಕಾರಿ ಮಡಿಗಳ ದಾರಿಗೆ ಹೋಯಿತು, ಕೊಟ್ಟಿಗೆಗೆ ಉದ್ದನೆಯ ಒಣಹುಲ್ಲು ಬಂತು.

ಇದೇ ಕಾರಣಕ್ಕೆ ಹಳೆಯ ಎತ್ತರದ ಹುಲ್ಲುಗೂಡನ್ನೂ ಕಿತ್ತೆವು. ಮೇಲಿನಿಂದ ಎಳೆದು ತಿನ್ನುವಾಗ ಹುಲ್ಲಿನ ಪುಡಿ ಕಣ್ಣಿಗೂ ಕುತ್ತಿಗೆಯ ತುಪ್ಪಟಕ್ಕೂ ಬೀಳುತ್ತದೆ. ಹೊಸ ಗೋದಲಿ ಅವುಗಳ ಎದೆಗಿಂತ ತಗ್ಗಾಗಿದೆ. ಆರಕ್ಕೂ ಒಟ್ಟಿಗೆ ಬಾಯಿ ಹಾಕಲು ಜಾಗವಿರುವಷ್ಟು ಅದು ಉದ್ದವಿರಬೇಕಾಗುತ್ತದೆ, ಇಲ್ಲವಾದರೆ ಹಿಂಡಿನ ಯಜಮಾನಿಯಂತಿರುವ ಹೆಣ್ಣು ಉಗುಳಿ ಉಗುಳಿ ಉಳಿದವನ್ನು ಹಿಂದೆ ಸರಿಸಿಬಿಡುತ್ತದೆ. ಹುಲ್ಲಿನ ದಾಸ್ತಾನನ್ನು ಕೊಟ್ಟಿಗೆಯಿಂದ ಪ್ರತ್ಯೇಕಿಸಿ ದೂರದ ಮಾಡಿಗೆ ಸಾಗಿಸಿದೆವು. ಸರಿಯಾಗಿ ಒಣಗದ ಹುಲ್ಲನ್ನು ಒತ್ತಾಗಿ ಪೇರಿಸಿದರೆ ಒಳಗೇ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳುವುದುಂಟು. ಕೋಳಿಗಳ ಮೇವಿನ ಚೀಲಗಳೂ ಅಲ್ಲಿಂದ ಹೊರಟವು. ಕೋಳಿ ಮತ್ತು ದನಗಳ ಕೆಲವು ಸಿದ್ಧ ಮೇವುಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಅಲ್ಪಾಕಾಗಳಿಗೆ ಪ್ರಾಣಾಂತಕ. ಸಡಿಲವಾಗಿ ಮುಚ್ಚಿದ ಒಂದು ಡಬ್ಬಿ ಸಾಕು ಅನಾಹುತಕ್ಕೆ.

ವಿಷದ ಮಾತು ಬಂದದ್ದರಿಂದ ಹೇಳುತ್ತೇನೆ. ಕೊಟ್ಟಿಗೆಯ ಬಾಗಿಲಿನಿಂದ ಬಾವಿಯವರೆಗೆ ಅಮ್ಮ ಇಪ್ಪತ್ತು ವರ್ಷಗಳಿಂದ ಬೆಳೆಸಿದ್ದ ಕಣಗಿಲೆಯ ಸಾಲೊಂದಿತ್ತು. ಹಸುಗಳು ಕಟ್ಟಿದ ಜಾಗದಲ್ಲೇ ಇರುತ್ತಿದ್ದುದರಿಂದ ಅದು ಯಾರಿಗೂ ತೊಂದರೆ ಮಾಡಿರಲಿಲ್ಲ. ಬಿಡಿಯಾಗಿ ಓಡಾಡುವ, ಕಂಡ ಎಲೆಗೆಲ್ಲ ಬಾಯಿ ಹಾಕಿ ನೋಡುವ ಪ್ರಾಣಿಗೆ ಅದರ ಕೆಲವೇ ಎಲೆಗಳೂ, ಒಣಗಿ ಉದುರಿದವು ಕೂಡ, ಹೃದಯವನ್ನು ನಿಲ್ಲಿಸಬಲ್ಲವು. ಅಮ್ಮ ತಾವೇ ಕೊಡಲಿ ಹಿಡಿದು ಬಂದರು. ಬೇರು ಸಹಿತ ಅಗೆದು, ಒಂದೊಂದು ಎಲೆಯನ್ನೂ ಗೋರಿ ತೆಗೆದ ಮೇಲೆ, ಅದರ ಬದಲಿಗೆ ಏನು ನೆಡುತ್ತೀರೆಂದು ನಮ್ಮನ್ನು ಕೇಳಿದರು. ಉತ್ತರ ನಮ್ಮಲ್ಲಿ ಇನ್ನೂ ಇಲ್ಲ.

ಅಲ್ಪಾಕಾಗಳನ್ನು ಗೊಂತಿಗೆ ಕಟ್ಟುವುದಿಲ್ಲ. ಹಿಂಡನ್ನು ಬಿಟ್ಟು ಒಂಟಿಯಾದರೆ ಅವು ಕಂಗೆಟ್ಟು ಸೊರಗುತ್ತವೆ. ಹಾಗೆಂದು ಉಗುರು ಕತ್ತರಿಸಲು, ಸೂಜಿಮದ್ದು ಕೊಡಲು ಬಯಲಿನಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿಯುವುದೂ ಸಾಧ್ಯವಿಲ್ಲ. ಆದ್ದರಿಂದ ಒಂದು ತುದಿಯಲ್ಲಿ ಮೂರು ಮೀಟರ್ ಚೌಕದ ಪುಟ್ಟ ಆವರಣವನ್ನು ಮಾಡಿ, ರಬ್ಬರ್ ಚಾಪೆ ಹಾಸಿ, ದಿನವೂ ಮೇವಿನ ಒಂದು ಪಾಲನ್ನು ಅಲ್ಲಿಯೇ ಇಡುತ್ತೇವೆ. ಅಭ್ಯಾಸವಾದ ಮೇಲೆ ಬಾಗಿಲು ಸರಿಸುವುದಷ್ಟೇ ಕೆಲಸ. ಇನ್ನೊಂದು ತುದಿಯ ಆವರಣ ಬಾಣಂತಿಯರಿಗೆ. ಬಂದ ಆರರಲ್ಲಿ ಎರಡು ಗಬ್ಬವಾಗಿವೆ. ಹನ್ನೊಂದೂವರೆ ತಿಂಗಳು ಹೊತ್ತು, ಬಹುತೇಕ ಹಗಲಿನಲ್ಲೇ ಈಯುವ ಇವು ಪ್ರಾಯಶಃ ಬಯಲನ್ನೇ ಆರಿಸಿಕೊಳ್ಳುತ್ತವೆ; ಆವರಣವಿರುವುದು ಮಳೆಯ ದಿನಕ್ಕೆ. ಅದನ್ನು ಜಾಲರಿಯಿಂದಲೇ ಮಾಡಿದ್ದರಿಂದ ಒಳಗಿರುವ ತಾಯಿಗೆ ಉಳಿದವು ಕಾಣುತ್ತಿರುತ್ತವೆ. ಮರಿಗಳನ್ನು ಒಳಗೇ ಬೆಚ್ಚಗೆ ಇಟ್ಟುಕೊಳ್ಳುವ ಆಸೆಯನ್ನು ಬಿಡಬೇಕಾಗುತ್ತದೆ. ಪರ್ವತದ ಚುರುಕು ಬಿಸಿಲಿಗೆ ಒಗ್ಗಿದ ಈ ಕುಲಕ್ಕೆ ವಿಟಮಿನ್ ಡಿ ಕೊರತೆ ಬೇಗ ಆಗುತ್ತದೆ, ಬಿಸಿಲು ಕಾಣದ ಮರಿಯ ಮೂಳೆ ಸೊಟ್ಟಗಾಗುತ್ತದೆ.

ಬೇಲಿಯ ಮುಳ್ಳುತಂತಿಯನ್ನೆಲ್ಲ ಸುತ್ತಿ ತೆಗೆದು, ಮರಿಯ ತಲೆ ತೂರದಷ್ಟು ಕಿರಿದಾದ ಕಣ್ಣುಗಳ ಜಾಲರಿಯನ್ನು ಒಂದೂವರೆ ಮೀಟರ್ ಎತ್ತರಕ್ಕೆ ಬಿಗಿದೆವು. ಅಲ್ಪಾಕಾಗಳು ಹಾರಿ ಹೋಗುವುದು ಅಪರೂಪ. ಈ ಬೇಲಿ ನಾಯಿಗಳನ್ನು ಹೊರಗಿಡಲು.

ಅವು ಬರುವ ಹಿಂದಿನ ದಿನದ ಕೊನೆಯ ಕೆಲಸ ಹೊರಗಿನವರಿಗೆ ನಗೆ ತರಿಸುವಂಥದ್ದು. ಅಲ್ಪಾಕಾಗಳು ಇಡೀ ಹಿಂಡಿಗೆ ಒಂದೆರಡು ಜಾಗಗಳನ್ನು ಗೊತ್ತುಮಾಡಿಕೊಂಡು ಅಲ್ಲಿಯೇ ಹಿಕ್ಕೆ ಹಾಕುತ್ತವೆ, ವಾಸನೆ ಹಿಡಿದು ಮತ್ತೆ ಅಲ್ಲಿಗೇ ಬರುತ್ತವೆ. ಆ ಜಾಗವನ್ನು ಅವುಗಳಿಗಿಂತ ಮೊದಲು ನಾವೇ ಗೊತ್ತುಮಾಡೋಣವೆಂದು, ಅವು ಮೊದಲಿದ್ದ ಕಡೆಯಿಂದ ಒಂದು ಚೀಲ ಹಿಕ್ಕೆಯನ್ನು ತರಿಸಿ, ಗೋಡೆಯ ಹೊರಗಿನ ಮೂಲೆಯಲ್ಲಿ ಹರಡಿದೆವು. ಅಪ್ಪ ಈ ಕೆಲಸವನ್ನು ದೂರದಿಂದ ನೋಡಿದರು.

ಮೊದಲ ಎರಡು ರಾತ್ರಿ ಆರೂ ಕೊಟ್ಟಿಗೆಯೊಳಗೆ ಕಾಲಿಡದೆ ಹೊರಗಿನ ಮರಳಿನಲ್ಲೇ ಕೂತು ಕಳೆದವು. ಮೂರನೆಯ ರಾತ್ರಿ ಗಾಳಿಮಳೆ ಹೊಡೆಯಿತು. ಟಾರ್ಚ್ ಹಿಡಿದು ಹೋಗಿ ನೋಡಿದರೆ ಐದು ಒಳಗೆ ಗೋಡೆಯ ಮರೆಯಲ್ಲಿ ಒತ್ತೊತ್ತಾಗಿ ಕೂತು ಸಣ್ಣಗೆ ಗುನುಗುತ್ತಿದ್ದವು, ಎಲ್ಲಕ್ಕೂ ಹಿರಿಯಳು ಮಾತ್ರ ಅರ್ಧ ಮೈ ಸೂರಿನೊಳಗೆ, ಅರ್ಧ ಹೊರಗೆ ಇಟ್ಟುಕೊಂಡು ನಿಂತಿದ್ದಳು. ಹಿಕ್ಕೆಯ ವಿಷಯದಲ್ಲಿ ನಮ್ಮ ಮೂಲೆಯನ್ನು ನಾಲ್ಕು ಒಪ್ಪಿಕೊಂಡವು. ಉಳಿದ ಎರಡು ನೀರಿನ ಬಾನಿಯ ಮಗ್ಗುಲಲ್ಲಿ ಬೇರೊಂದು ಜಾಗ ಮಾಡಿಕೊಂಡವು, ಮೂರು ಸಲ ಎತ್ತಿ ತೊಳೆದರೂ ಬಿಡಲಿಲ್ಲ. ನಾಲ್ಕನೆಯ ಬೆಳಿಗ್ಗೆ ನಾನು ಸಲಿಕೆ ಹಿಡಿದು ಹೋದಾಗ ಅಪ್ಪ ಬಾನಿಯನ್ನೇ ಮೂರು ಮೀಟರ್ ಆಚೆ ಸರಿಸಿ, ಕೊಳವೆ ಅಲ್ಲಿಯವರೆಗೆ ಮುಟ್ಟುತ್ತದೆಯೇ ಎಂದು ಎಳೆದು ನೋಡುತ್ತಿದ್ದರು. ಒಂದು ಮೊಳ ಸಾಲದು. ಸದ್ಯಕ್ಕೆ ಬಕೆಟ್ಟಿನಲ್ಲೇ ತುಂಬಿಸುತ್ತಿದ್ದೇವೆ.