ರಿಪೋರ್ಟ್ ಎಲ್ಲ ನಾರ್ಮಲ್, ಮತ್ತೆ ಯಾಕೆ ಏದುಸಿರು?

"ಟೀಚರ್, ರಿಪೋರ್ಟ್ ಎಲ್ಲ ನಾರ್ಮಲ್ ಬಂತಂತೆ. ಮತ್ತೆ ಯಾಕೆ ಹೀಗೆ ಏದುಸಿರು ಬಿಡ್ತೀರಿ?"

ಮೂರು ವರ್ಷದಿಂದ ಚಿಕ್ಕಮಗಳೂರಿನಲ್ಲಿ ನನ್ನನ್ನು ಈ ಪ್ರಶ್ನೆ ಕೇಳದವರಿಲ್ಲ. ತರಕಾರಿ ಅಂಗಡಿಯವರು, ಸ್ಟಾಫ್ ರೂಮಿನವರು, ಪಕ್ಕದ ಮನೆಯ ಅಕ್ಕ. ಎಲ್ಲರೂ ಕಾಳಜಿಯಿಂದಲೇ ಕೇಳುತ್ತಾರೆ. ನಿಂತಲ್ಲೇ ಪೂರ್ತಿ ಉತ್ತರ ಹೇಳುವಷ್ಟು ಉಸಿರು ನನಗಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ತರಗತಿಯಲ್ಲಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಭಾಮಿನಿ ಷಟ್ಪದಿಯ ಅರ್ಧ ಪದ್ಯವನ್ನು ಒಂದೇ ಉಸಿರಿಗೆ ಓದುವುದು ನನಗೆ ಅಭ್ಯಾಸ. 14 ಮಾತ್ರೆಯ ಎರಡು ಸಾಲು, ಆಮೇಲೆ 23 ಮಾತ್ರೆಯ ಉದ್ದನೆಯ ಮೂರನೇ ಸಾಲು. ಅವತ್ತು ಆ ಮೂರನೇ ಸಾಲಿನ ನಡುವೆ ಉಸಿರು ಮುಗಿದುಹೋಯಿತು. ಎಳೆದರೂ ಎದೆ ತುಂಬಲಿಲ್ಲ. ಆಕಳಿಕೆ ಅರ್ಧಕ್ಕೇ ನಿಂತರೆ ಹೇಗಿರುತ್ತದೆ, ಹಾಗೆ. ಮುಂದಿನ ಬೆಂಚಿನ ಹುಡುಗಿ ತನ್ನ ನೀರಿನ ಬಾಟಲಿ ತಂದು, ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಳು.

ಆಮೇಲೆ ಟೆಸ್ಟುಗಳು. ರಕ್ತ, ಥೈರಾಯ್ಡ್, ಇಸಿಜಿ, ಎಕೋ, ಟ್ರೆಡ್‌ಮಿಲ್, ಎದೆಯ ಸಿಟಿ ಸ್ಕ್ಯಾನ್, ಕೊಳವೆಯೊಳಗೆ ಜೋರಾಗಿ ಊದಿಸುವ ಸ್ಪೈರೋಮೆಟ್ರಿ. ಹಾಸನ, ಮಂಗಳೂರು, ಬೆಂಗಳೂರು ಎಲ್ಲ ಸುತ್ತಿದೆವು. ಫೈಲು ದಪ್ಪವಾಯಿತು, ಕಾರಣ ಸಿಗಲಿಲ್ಲ. ಒಬ್ಬ ಡಾಕ್ಟರು ತಲೆ ಎತ್ತದೆ ಪುಟ ತಿರುವಿ, "ಏನೂ ಇಲ್ಲಮ್ಮ, ಸುಮ್ನೆ ಟೆನ್ಶನ್ ಮಾಡ್ಕೋಬೇಡಿ" ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಕಣ್ಣೀರು ನಿಲ್ಲಲಿಲ್ಲ.

ನನ್ನ ಉತ್ತರ ಇಷ್ಟು. ನಾರ್ಮಲ್ ಅಂದರೆ ಅವರು ಹುಡುಕಿದ ಕಾಯಿಲೆ ಕಾಣಲಿಲ್ಲ ಅಂತ. ಅದು ದೊಡ್ಡ ಸಮಾಧಾನವೇ. ಆದರೆ ಕಷ್ಟವೇ ಇಲ್ಲ ಅಂತ ಅಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ಹೇಳುತ್ತದೆ. ಉಸಿರಿಗಾಗಿ ನಾನು ಎಷ್ಟು ಒದ್ದಾಡಿದೆ ಅಂತ ಹೇಳುವುದಿಲ್ಲ. ಮೆಟ್ಟಿಲು ಹತ್ತಿ ಬಾಗಿಲ ಚೌಕಟ್ಟು ಹಿಡಿದು ನಿಂತಾಗಲೂ ನನ್ನದು ಶೇಕಡಾ 98, ಅಂದರೆ ನಾರ್ಮಲ್ಲೇ.

ಇನ್ನೊಬ್ಬ ಡಾಕ್ಟರು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಉಸಿರು ಬೇಕು ಅನ್ನಿಸುವುದು ಹೆಚ್ಚಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಜೊತೆಗೆ, ಮೆದುಳು ಕೇಳಿದ ಗಾಳಿಗೂ ಎದೆಯಿಂದ ಬರುವ ಸುದ್ದಿಗೂ ತಾಳೆಯಾಗದಿದ್ದರೂ ಉಸಿರು ಸಾಲದು ಅನ್ನಿಸುತ್ತದೆ. ಇದು ಸ್ಕ್ಯಾನಿನಲ್ಲಿ ಕಾಣುವಂಥದ್ದಲ್ಲ. ಅವತ್ತು ಕಾಯಿಲೆಗೆ ಹೆಸರು ಸಿಗಲಿಲ್ಲ, ಆದರೆ ನನ್ನ ಮಾತನ್ನು ಒಬ್ಬರು ನಂಬಿದರು.

"ಹಾಗಾದ್ರೆ ಎಲ್ಲ ಮನಸ್ಸಿಂದಲೇ ಅಲ್ವಾ?" ಅಂತಲೂ ಕೇಳುತ್ತಾರೆ. ಹೆದರಿಕೆ ಆಗುತ್ತದೆ, ನಿಜ. ಉಸಿರು ಸಿಗದಿದ್ದರೆ ಯಾರಿಗೆ ಆಗುವುದಿಲ್ಲ ಹೇಳಿ? ಹೆದರಿ ಬೇಗ ಬೇಗ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ತೀರಾ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಕಷ್ಟ ಇನ್ನೂ ಜಾಸ್ತಿಯಾಗುತ್ತದೆ. ಅಷ್ಟಕ್ಕೇ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬೇಡಿ.

ಫಿಸಿಯೋಥೆರಪಿಯಲ್ಲಿ ಕಲಿತದ್ದು ಕೈಹಿಡಿದಿದೆ. ಕೂತು, ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಗೆ ಊರುತ್ತೇನೆ. ಮೂಗಿನಿಂದ ಎಳೆದು, ಬಿಸಿ ಕಾಫಿ ಆರಿಸುವ ಹಾಗೆ ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡುತ್ತೇನೆ. ಬ್ಯಾಗಿನಲ್ಲಿ ಪುಟ್ಟ ಫ್ಯಾನ್ ಇದೆ. ಮುಖಕ್ಕೆ ತಣ್ಣನೆ ಗಾಳಿ ತಾಗಿದರೆ ಒದ್ದಾಟ ಇಳಿಯುತ್ತದೆ. ನಡೆಯುವುದನ್ನೇ ಬಿಟ್ಟಿದ್ದ ಆರು ತಿಂಗಳು ಕಾಲಿನ ಶಕ್ತಿ ಕುಂದಿ ಏದುಸಿರು ಇನ್ನೂ ಬೇಗ ಬರುತ್ತಿತ್ತು. ಈಗ ರತ್ನಗಿರಿ ಬೋರೆಯ ಏರಿನಲ್ಲಿ ಮೂರು ಕಡೆ ನಿಂತು ನಿಂತು ಹತ್ತುತ್ತೇನೆ. ಏರಿನಲ್ಲಿ ದಯವಿಟ್ಟು ಮಾತಾಡಿಸಬೇಡಿ, ಸುಮ್ನೆ ಜೊತೆಗೆ ನಡೆಯಿರಿ.

ನನ್ನ ಹಾಗೆ ಇರುವವರಿಗೆ ಒಂದು ಮಾತು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತುಟಿ ನೀಲಿಯಾದರೆ, ಒಂದೇ ಕಾಲು ಊದಿಕೊಂಡರೆ ಹಳೆಯ ರಿಪೋರ್ಟ್ ನಂಬಿ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ತರಗತಿಯಲ್ಲಿ ಈಗ ಮೊದಲ ಎರಡು ಸಾಲು ನಾನು ಓದುತ್ತೇನೆ. ಮೂರನೆಯದನ್ನು ಮಕ್ಕಳು ಎತ್ತಿಕೊಳ್ಳುತ್ತಾರೆ.