ಅನ್ನಾ ಬೆನ್ ಸಿನಿಮಾ ಎಲ್ಲಿಂದ ಶುರು ಮಾಡಬೇಕು?

ಮಲಯಾಳಂ ಸಿನಿಮಾದ ಬಗ್ಗೆ ಬರೆಯುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ: "ಅನ್ನಾ ಬೆನ್ ತುಂಬಾ ಚೆನ್ನಾಗಿ ನಟಿಸ್ತಾರಂತಲ್ಲ, ಯಾವುದು ಮೊದಲು ನೋಡ್ಲಿ?" ಕೇಳುವವರಲ್ಲಿ ಹಲವರು ಅವರನ್ನು ಕಂಡಿದ್ದು 2024ರ 'ಕಲ್ಕಿ 2898 ಎಡಿ'ಯ ಕೈರಾ ಪಾತ್ರದಲ್ಲಿ, ಅದೂ ಡಬ್ಬಿಂಗ್ ದನಿಯಲ್ಲಿ. ಅಷ್ಟು ದೊಡ್ಡ ಗದ್ದಲದ ನಡುವೆ ಯಾವ ನಟಿಯ ಅಳತೆಯೂ ಸಿಗುವುದಿಲ್ಲ.

ನನ್ನ ಉತ್ತರ: ಮೊದಲು 'ಹೆಲೆನ್', ಆಮೇಲೆ 'ಕಪ್ಪೇಲ', ಅಲ್ಲಿಂದ ಹಿಂದಕ್ಕೆ ಹೋಗಿ 'ಕುಂಬಳಂಗಿ ನೈಟ್ಸ್', ಕಡೆಗೆ ತಮಿಳಿನ 'ಕೊಟ್ಟುಕ್ಕಾಳಿ'. ಬಿಡುಗಡೆಯ ಕ್ರಮ ಇದಲ್ಲ. ಹಾಗಿದ್ದರೂ ಹೀಗೇ ನೋಡಿ ಅನ್ನುವುದಕ್ಕೆ ಕಾರಣವಿದೆ. ಈ ಹುಡುಗಿಯ ನಟನೆ ಮಾತು ಕಮ್ಮಿಯಾದಷ್ಟೂ ಬಲವಾಗುತ್ತದೆ. ಅದನ್ನು ಗುರುತಿಸಲು ನಮ್ಮ ಕಣ್ಣು ಸ್ವಲ್ಪ ಪಳಗಬೇಕು.

'ಹೆಲೆನ್' ಬಂದದ್ದು 2019ರ ನವೆಂಬರ್‌ನಲ್ಲಿ. ನಿರ್ದೇಶಕ ಮಾತುಕುಟ್ಟಿ ಸೇವಿಯರ್, ನಿರ್ಮಾಪಕ ವಿನೀತ್ ಶ್ರೀನಿವಾಸನ್. ನರ್ಸಿಂಗ್ ಓದಿ ಕೆನಡಾಕ್ಕೆ ಹೋಗಲು ತಯಾರಿ ನಡೆಸಿರುವ ಹುಡುಗಿ, ಮಾಲ್ ಒಂದರ ಚಿಕನ್ ಅಂಗಡಿಯಲ್ಲಿ ದುಡಿಯುತ್ತಾಳೆ. ಒಂದು ರಾತ್ರಿ ಅಲ್ಲಿನ ಫ್ರೀಜರ್ ಕೋಣೆಯೊಳಗೆ ಸಿಕ್ಕಿಹಾಕಿಕೊಳ್ಳುತ್ತಾಳೆ. ಇಷ್ಟು ಕೇಳಿದ ಕೂಡಲೇ ಜನ ಮಾಡುವ ತಪ್ಪೆಂದರೆ, ಫ್ರೀಜರ್ ಬರುವವರೆಗೆ ಓಡಿಸಿಬಿಡುವುದು. ದಯವಿಟ್ಟು ಬೇಡ. ಅಪ್ಪನ ಸಿಗರೇಟಿಗೆ ಅವಳು ಗದರುವುದು, ಕುಡಿದು ಬೈಕ್ ಓಡಿಸಿದ ಗೆಳೆಯನ ಜೊತೆ ಪೊಲೀಸರ ಕೈಗೆ ಸಿಗುವುದು, ದಿನವೂ ಮಾಲ್‌ನ ಸೆಕ್ಯುರಿಟಿಯವರಿಗೆ ಒಂದು ನಗು ಕೊಟ್ಟು ಮನೆಗೆ ಹೊರಡುವುದು, ಇವೆಲ್ಲ ಮುಂದೆ ಲೆಕ್ಕಕ್ಕೆ ಬರುತ್ತವೆ. ಅದರಲ್ಲೂ ಆ ನಗು. ಅದನ್ನು ಬಿಟ್ಟರೆ ಕ್ಲೈಮ್ಯಾಕ್ಸ್ ಅರ್ಧಕ್ಕರ್ಧ ಸಪ್ಪೆ.

ಫ್ರೀಜರ್ ಒಳಗೆ ಹೋದ ಮೇಲೆ ಅವರ ಕೈಗಳನ್ನು ನೋಡಿ. ಮೊದಲು ಗಾಬರಿಯಿಂದ ಬಾಗಿಲು ಬಡಿಯುವ ಕೈ, ಆಮೇಲೆ ಯೋಚನೆ ಮಾಡಿ ಕೆಲಸ ಮಾಡುವ ಕೈ, ಕಡೆಗೆ ಹೇಳಿದ ಮಾತು ಕೇಳದೆ ಮರಗಟ್ಟಿದ ಕೈ. ಮಾತಾಡಲು ಜೊತೆಗೆ ಯಾರೂ ಇಲ್ಲ, ಕಿರುಚಿದರೆ ಕೇಳುವವರಿಲ್ಲ. ಚಳಿಗೆ ಚರ್ಮ ಕಪ್ಪಿಟ್ಟು ಬಿರಿಯುವುದನ್ನು ಹಂತಹಂತವಾಗಿ ತೋರಿಸಿದ ಮೇಕಪ್‌ಗೆ 67ನೇ ರಾಷ್ಟ್ರೀಯ ಪ್ರಶಸ್ತಿ ಬಂತು, ಚೊಚ್ಚಲ ನಿರ್ದೇಶಕನ ಪ್ರಶಸ್ತಿಯೂ ಇದಕ್ಕೇ. ಆದರೆ ಆ ಬಣ್ಣದ ಅಡಿಯಲ್ಲಿ ಉಸಿರು ಗಿಡ್ಡವಾಗುತ್ತ ಹೋಗುವುದಿದೆಯಲ್ಲ, ಅದು ಮೇಕಪ್ಪಲ್ಲ. ಟಿವಿಯ ಸೌಂಡ್ ಕಮ್ಮಿ ಇಟ್ಟು ನೋಡಿದರೆ ಇದೇ ತಪ್ಪಿಹೋಗುತ್ತದೆ, ಹೆಡ್‌ಫೋನ್ ಹಾಕಿಕೊಳ್ಳಿ. ಹಿಂದಿಯ 'ಮಿಲಿ', ತಮಿಳಿನ 'ಅನ್ಬಿರ್ಕಿನಿಯಾಳ್' ಎರಡೂ ಇದರದೇ ರೀಮೇಕ್. ಅವುಗಳಲ್ಲಿ ಒಂದನ್ನು ನೋಡಿದ್ದರೂ ಮೂಲವನ್ನು ಬಿಡಬೇಡಿ.

'ಕಪ್ಪೇಲ'ದ ಬಗ್ಗೆ ಎಷ್ಟು ಕಮ್ಮಿ ತಿಳಿದು ಹೋಗುತ್ತೀರೋ ಅಷ್ಟು ಒಳ್ಳೆಯದು. ಹೆಸರಿನ ಅರ್ಥ ಚಿಕ್ಕ ಪ್ರಾರ್ಥನಾ ಮಂದಿರ, ನಮ್ಮ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು 'ಕೊಪೆಲ್' ಅನ್ನುತ್ತಾರಲ್ಲ, ಅದೇ. ಗುಡ್ಡಗಾಡಿನ ಹಳ್ಳಿಯ ಜೆಸ್ಸಿ ತಪ್ಪಿ ಒತ್ತಿದ ನಂಬರಿನಿಂದ ಕೋಳಿಕ್ಕೋಡಿನ ಆಟೋ ಡ್ರೈವರ್ ಒಬ್ಬನ ಪರಿಚಯವಾಗುತ್ತದೆ. ಮುಖ ನೋಡದೆಯೇ ಪ್ರೀತಿ ಬೆಳೆಯುತ್ತದೆ. ಕತೆಯ ಇಷ್ಟೇ ಭಾಗವನ್ನು ಹೇಳಬಹುದು. ಇಂಟರ್ವಲ್ ಹೊತ್ತಿಗೆ "ಇದು ಮಾಮೂಲಿ ಲವ್ ಸ್ಟೋರಿ" ಎಂದು ಎದ್ದುಹೋದವರಿದ್ದಾರೆ. ಅವರು ಸಿನಿಮಾ ಶುರುವಾಗುವ ಹೊತ್ತಿಗೆ ಎದ್ದುಹೋದ ಹಾಗೆ.

ಇಲ್ಲಿ ಗಮನಿಸಬೇಕಾದ್ದು ದನಿ. ಅಮ್ಮನ ಎದುರು ಒಂದು ದನಿ, ಫೋನಿನಲ್ಲಿ ಇನ್ನೊಂದು. ಫೋನಿನ ದನಿಯಲ್ಲಿ ಮೊದಮೊದಲು ಇರುವ ಹೆದರಿಕೆ ದಿನ ಕಳೆದಂತೆ ಸಲುಗೆಯಾಗುತ್ತದೆ, ಅದು ಯಾವ ದೃಶ್ಯದಲ್ಲಿ ಆಯಿತೆಂದು ಬೆರಳಿಟ್ಟು ತೋರಿಸಲಾಗದಷ್ಟು ಮೆತ್ತಗೆ. ಹೀಗಾಗಿಯೇ ಡಬ್ಬಿಂಗ್‌ನಲ್ಲಿ ನೋಡಬೇಡಿ. ಡಬ್ಬಿಂಗ್‌ನಲ್ಲಿ ಬೇರೊಬ್ಬರ ದನಿ ಬಂತೆಂದರೆ ಅರ್ಧ ಪಾತ್ರವೇ ಹೋಯಿತು. ಮಲಯಾಳಂನಲ್ಲೇ ನೋಡಿ, ಸಬ್‌ಟೈಟಲ್ ಹಾಕಿಕೊಳ್ಳಿ. ಕನ್ನಡದ ಕಿವಿಗೆ ಹತ್ತು ನಿಮಿಷದಲ್ಲಿ ಅರ್ಧ ಮಾತು ಹತ್ತುತ್ತದೆ, ದಕ್ಷಿಣ ಕನ್ನಡ, ಕೊಡಗಿನವರಿಗೆ ಅದಕ್ಕಿಂತ ಬೇಗ.

2020ರ ಮಾರ್ಚ್ 6ಕ್ಕೆ ಬಿಡುಗಡೆಯಾದ ಈ ಸಿನಿಮಾ ಕೊರೊನಾ ಕಾರಣ ಕೆಲವೇ ದಿನಗಳಲ್ಲಿ ಥಿಯೇಟರಿನಿಂದ ಹೊರಬಿತ್ತು. ಆಮೇಲೆ ಮೊಬೈಲು, ಟಿವಿಗಳಲ್ಲೇ ಜನ ಹುಡುಕಿ ನೋಡಿದರು. 2020ನೇ ಸಾಲಿನ ಕೇರಳ ರಾಜ್ಯ ಪ್ರಶಸ್ತಿಯಲ್ಲಿ ಅನ್ನಾಗೆ ಅತ್ಯುತ್ತಮ ನಟಿ, ನಿರ್ದೇಶಕ ಮುಹಮ್ಮದ್ ಮುಸ್ತಫಾ ಅವರಿಗೆ ಅತ್ಯುತ್ತಮ ಹೊಸ ನಿರ್ದೇಶಕ ಗೌರವ ಬಂತು. ಅದರ ಹಿಂದಿನ ವರ್ಷ 'ಹೆಲೆನ್'ಗೆ ತೀರ್ಪುಗಾರರ ವಿಶೇಷ ಮೆಚ್ಚುಗೆ ಸಿಕ್ಕಿತ್ತು. ಮೊದಲ ಸಿನಿಮಾ ಬಂದು ಮೂರು ವರ್ಷವೂ ಆಗಿರಲಿಲ್ಲ.

ಆ ಮೊದಲ ಸಿನಿಮಾ 'ಕುಂಬಳಂಗಿ ನೈಟ್ಸ್', 2019ರ ಫೆಬ್ರವರಿ. ಇದನ್ನು ಮೂರನೆಯದಾಗಿ ಇಟ್ಟದ್ದೇಕೆಂದರೆ, ಮೊದಲ ಸಲ ನೋಡುವವರ ಕಣ್ಣು ಫಹಾದ್ ಫಾಸಿಲ್ ಮೇಲೋ ಆ ನಾಲ್ವರು ಅಣ್ಣತಮ್ಮಂದಿರ ಮೇಲೋ ನೆಟ್ಟುಬಿಡುತ್ತದೆ. ಅನ್ನಾ ಮಾಡಿದ ಬೇಬಿಮೋಳ್ ಪಾತ್ರ ಹಿನ್ನೀರಿನ ಗಾಳಿಯಂತೆ ಹಗುರಾಗಿ ಹಾದುಹೋಗುತ್ತದೆ. ಆದರೆ 'ಕಪ್ಪೇಲ'ದ ಜೆಸ್ಸಿಯನ್ನು ಕಂಡ ಮೇಲೆ ನೋಡಿದರೆ ಬೇಬಿಮೋಳ್ ಬೇರೆಯೇ ಕಾಣುತ್ತಾಳೆ. ಥಿಯೇಟರಿನ ಕತ್ತಲಲ್ಲಿ ಪ್ರಿಯಕರ ಬಾಬಿ ಬಲವಂತ ಮಾಡಿದಾಗ ಕೆನ್ನೆಗೆ ಬಾರಿಸಿ ಎದ್ದುಹೋಗುತ್ತಾಳಲ್ಲ, ಆ ದೃಶ್ಯವನ್ನು ಎರಡು ಸಲ ನೋಡಿ. ಹೊಡೆಯುವಾಗಿನ ಸಿಟ್ಟಿನ ಜೊತೆಗೇ ತಾನು ನಂಬಿದವನು ಹೀಗಾ ಎಂಬ ನೋವು ಮುಖದಲ್ಲಿದೆ. ಒಂದು ಮಾತಿಲ್ಲ.

ಇದರ ಜೊತೆಗೇ ಬರುವ ಉಪಪ್ರಶ್ನೆ: "ಅಪ್ಪ ಸಿನಿಮಾದವರು ತಾನೇ?" ಹೌದು. 'ಕಲ್ಯಾಣರಾಮನ್', 'ಚಾಂದುಪೊಟ್ಟ್', 'ಛೋಟಾ ಮುಂಬೈ' ಬರೆದ ಬೆನ್ನಿ ಪಿ. ನಾಯರಂಬಲಂ ಅವರ ಮಗಳು. ಆದರೆ ಬೇಬಿಮೋಳ್ ಪಾತ್ರ ಸಿಕ್ಕಿದ್ದು ಆಡಿಷನ್‌ನಲ್ಲಿ, ಮತ್ತು ಮೇಲೆ ಹೇಳಿದ ನಾಲ್ಕು ಸಿನಿಮಾಗಳಲ್ಲಿ ಒಂದನ್ನೂ ಅಪ್ಪ ಬರೆದಿಲ್ಲ. ಇಬ್ಬರನ್ನೂ ತೆರೆಯ ಮೇಲೆ ಒಟ್ಟಿಗೆ ನೋಡುವ ಆಸೆಯಿದ್ದರೆ 2021ರ 'ಸಾರಾಸ್' ಇದೆ, ಅದರಲ್ಲಿ ಅಪ್ಪನೇ ಅಪ್ಪನ ಪಾತ್ರ ಮಾಡಿದ್ದಾರೆ. ಮಕ್ಕಳು ಬೇಡವೆನ್ನುವ ಹೆಣ್ಣಿನ ಕತೆ. ವಿಷಯಕ್ಕಾಗಿ ನೋಡಿ, ನಟನೆಗೆ ಅದು ಅವರ ಅತ್ಯುತ್ತಮವಲ್ಲ. ಪಾತ್ರದ ಮನಸ್ಸಿನಲ್ಲಿರುವುದೆಲ್ಲ ಮಾತಿನಲ್ಲೇ ಬಂದುಬಿಡುತ್ತದೆ, ಮುಖಕ್ಕೆ ಕೆಲಸ ಉಳಿಯುವುದಿಲ್ಲ. 'ನಾರದನ್', 'ನೈಟ್ ಡ್ರೈವ್', 'ಕಾಪಾ' ಆಮೇಲೆ ನೋಡಿದರಾಯಿತು.

ಇನ್ನು 'ಕೊಟ್ಟುಕ್ಕಾಳಿ'. ಪಿ.ಎಸ್. ವಿನೋತ್‌ರಾಜ್ ನಿರ್ದೇಶನ, 2024ರಲ್ಲಿ ಬರ್ಲಿನ್ ಚಿತ್ರೋತ್ಸವದ ಫೋರಂ ವಿಭಾಗದಲ್ಲಿ ಮೊದಲು ತೆರೆಕಂಡಿತು. ತಮಿಳು ನಟ ಸೂರಿ ಮಾಡಿದ ಪಾಂಡಿಯ ಜೊತೆ ಮದುವೆ ನಿಶ್ಚಯವಾಗಿದ್ದ ಮೀನಾ ಬೇರೆ ಜಾತಿಯವನನ್ನು ಇಷ್ಟಪಟ್ಟಿದ್ದಾಳೆ, ಹಾಗಾಗಿ ಮೈಮೇಲೆ ಏನೋ ಬಂದಿದೆ ಎಂದು ಮನೆಯವರೆಲ್ಲ ಆಟೋದಲ್ಲಿ ಕೂರಿಸಿಕೊಂಡು ಮಂತ್ರವಾದಿಯ ಹತ್ತಿರ ಹೊರಡುತ್ತಾರೆ. ಬಲಿಗೆಂದು ಕಾಲು ಕಟ್ಟಿದ ಒಂದು ಹುಂಜವೂ ಜೊತೆಗಿದೆ. ಸುಮಾರು 100 ನಿಮಿಷದ ಸಿನಿಮಾದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ನಾಯಕಿ ಬಾಯಿಬಿಡುವುದು ಒಂದೇ ಒಂದು ಸಲ.

ಇದನ್ನೇ ಮೊದಲು ನೋಡಿದವರು "ಏನೂ ಆಗಲೇ ಇಲ್ಲ" ಅನ್ನುತ್ತಾರೆ. ಉಳಿದ ಮೂರನ್ನು ಮುಗಿಸಿ ಬಂದವರಿಗೆ ಹಾಗಾಗುವುದಿಲ್ಲ. ದಾರಿಯಲ್ಲಿ ಎಲ್ಲೋ ಕೇಳಿದ ಹಾಡನ್ನು ಮೀನಾ ಸುಮ್ಮನೆ ತುಟಿಯಂಚಿನಲ್ಲಿ ಗುನುಗುತ್ತಾಳೆ, ಅಷ್ಟಕ್ಕೇ ಪಾಂಡಿ ರೊಚ್ಚಿಗೇಳುತ್ತಾನೆ. ಎಲ್ಲರೂ ಅವನನ್ನು ಹಿಡಿಯಲು ಓಡುವಾಗ ನೀವು ಅವಳ ಮುಖದಿಂದ ಕಣ್ಣು ತೆಗೆಯಬೇಡಿ.